ಕೂಸಿನ ಬೆನ್ನಿಗೆ ಕುಂಕುಮ

ನಮ್ಮಕ್ಕನ ಮನೆಯಲ್ಲಿ ಆಂಜನೇಯ ಹುಟ್ಟಿದ್ದಾನೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ವಾಟ್ಸಾಪಿನಲ್ಲಿ. ಫೋಟೋ ಸಮೇತ!

ಫೋಟೋದಲ್ಲಿ ಇದ್ದದ್ದು ಅಕ್ಕನ ಮಗಳು ಸುಷ್ಮಾಳ ಎರಡು ತಿಂಗಳ ಗಂಡುಮಗುವಿನ ಬೆನ್ನು. ಉಡಿದಾರಕ್ಕಿಂತ ಸ್ವಲ್ಪ ಕೆಳಗೆ, ನಟ್ಟನಡುವೆ, ಕರ್ರಗೆ ಒಂದು ಕುಚ್ಚು ಕೂದಲು. ಅದರ ಪಕ್ಕದಲ್ಲೇ ಕುಂಕುಮ. ಫ್ಯಾಮಿಲಿ ಗ್ರೂಪಿನ ತುಂಬ ಕೈಮುಗಿಯುವ ಇಮೋಜಿಗಳು. ನಾನೂ ಒಂದು ಹಾಕಿದೆ. (ಎಲ್ಲರೂ ಹಾಕಿದ ಮೇಲೆ ಹಾಕದೆ ಇರೋಕಾಗುತ್ತಾ?)

ಭಾನುವಾರ ವಿಜಯನಗರದಿಂದ ಆಟೋ ಹಿಡಿದು ಮಹಾಲಕ್ಷ್ಮಿ ಲೇಔಟಿನ ಅಕ್ಕನ ಮನೆಗೆ ಹೋದೆ. ಅಲ್ಲಿ ನೋಡಿದರೆ ದರ್ಶನಕ್ಕೆ ಜನ! ಪಕ್ಕದ ಮನೆಯ ಆಂಟಿ ಆ ಕೂದಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಕ್ಕ ಕಾಲು ನೀಡಿ ಕೂತು, ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

"ನೋಡೇ, ಬಾಲ! ನಮ್ಮ ಲೇಔಟಿನ ಗುಡ್ಡದ ಗುಡೀಲಿರೋ ಆಂಜನೇಯನೇ ನಮ್ಮನೆಗೆ ಇಳಿದು ಬಂದಿದಾನೆ ಕಣೇ."

ನನಗೂ ಖುಷಿಯೇ. ಚಿಕ್ಕಜ್ಜಿಯ ಸಲಿಗೆಯಿಂದ ಕೂಸಿನ ಅಂಗಾಲಿಗೆ ಕಚಗುಳಿ ಇಟ್ಟೆ. ಬಲಗಾಲು ಸರಕ್ಕನೆ ಮಡಿಚಿಕೊಂಡಿತು. ಎಡಗಾಲು ಸುಮ್ಮನಿತ್ತು.

ಇನ್ನೊಮ್ಮೆ ಇಟ್ಟೆ. ಆಗಲೂ ಸುಮ್ಮನಿತ್ತು. ನಿದ್ದೆಯೇನೋ ಎಂದು ಬಗ್ಗಿ ಮುಖ ನೋಡಿದರೆ ಪಿಳಿಪಿಳಿ ಕಣ್ಣು ಬಿಡುತ್ತಿದೆ.

"ಸುಷ್ಮಾ, ಡಾಕ್ಟ್ರು ಇದನ್ನ ನೋಡಿದಾರಾ?"

ಸುಷ್ಮಾ ಅಮ್ಮನ ಮುಖ ನೋಡಿದಳು. "ಡಿಸ್ಚಾರ್ಜ್ ದಿನಾನೇ ಈ ಕೂದಲು ನೋಡಿ ಬೆನ್ನಿಗೊಂದು ಸ್ಕ್ಯಾನ್ ಮಾಡಿಸಿ ಅಂದಿದ್ರು ಚಿಕ್ಕಮ್ಮ. ಅಮ್ಮನೇ ಬೇಡ ಅಂದಿದ್ದು."

"ದೇವರ ಗುರುತಿಗೆ ಯಾರಾದ್ರೂ ಸ್ಕ್ಯಾನ್ ಮಾಡಿಸ್ತಾರಾ? ಅವನಿಗೆ ಕೋಪ ಬರಲ್ವಾ?" ಎಂದಳು ಅಕ್ಕ.

ಏನು ಹೇಳುತ್ತೀರಿ ಇದಕ್ಕೆ? ನಮ್ಮಕ್ಕ ದಡ್ಡಿಯಲ್ಲ. ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವಳು. (ಅದೂ ವಿಜ್ಞಾನ!) ಆದರೆ ಎಣ್ಣೆ ತಿಕ್ಕುತ್ತಿದ್ದ ಅವಳ ಕೈ ಎಡಗಾಲಿನ ಹತ್ತಿರ ಬಂದಾಗಲೆಲ್ಲ ಬಲಗಾಲಿಗೆ ಜಾರಿಬಿಡುತ್ತಿತ್ತು. ಆ ಎಡಗಾಲನ್ನು ಅವಳೂ ನೋಡಿದ್ದಳು! ಹೆದರಿಕೆಯಾದಾಗ ನಾವೆಲ್ಲ ಇಷ್ಟೇ ಅಲ್ಲವೇ? ಡಾಕ್ಟರ ಮಾತಿಗಿಂತ ಸಿಹಿಯಾದ ಕಾರಣವೊಂದು ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತೇವೆ.

ಸುಷ್ಮಾ ಎದ್ದು ಬಂದು ತಾನೇ ಮಗನ ಎಡ ಅಂಗಾಲಿಗೆ ಕಚಗುಳಿ ಇಟ್ಟಳು. ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಅಮ್ಮಾ, ಆಂಜನೇಯ ಸಮುದ್ರ ಹಾರಿದ್ದು ಬಾಲದಿಂದಲ್ಲ, ಕಾಲಿಂದ. ನಾಳೆ ಹೋಗ್ತಾ ಇದೀವಿ."

ಸ್ಕ್ಯಾನ್ ಆಯಿತು. ಎಂಆರ್‌ಐಯೂ ಆಯಿತು. ಡಾಕ್ಟರು ಚಿತ್ರ ಬರೆದು ತೋರಿಸಿದರು. ಬೆನ್ನುಹುರಿ ಮೊದಲು ಒಂದು ಕೊಳವೆಯಂತೆ. ಬಸಿರಿನ ಮೊದಲ ತಿಂಗಳಲ್ಲೇ ಅದು ಮುಚ್ಚಿಕೊಳ್ಳಬೇಕು. ನಮ್ಮ ಕೂಸಿಗೆ ಅದು ಸರಿಯಾಗಿ ಆಗಿಲ್ಲ. ಮೇಲೆ ಚರ್ಮ ಬಂದಿದೆ, ಕೂದಲು ಬೆಳೆದಿದೆ. ಒಳಗೆ ಬೆನ್ನುಹುರಿ ಕೆಳಗಡೆ ಅಂಟಿಕೊಂಡು, ಮಗು ಬೆಳೆದಂತೆಲ್ಲ ಎಳೆದಂತಾಗುತ್ತಿದೆ. ಎಡಗಾಲು ಸೋತಿರುವುದು ಅದಕ್ಕೇ. ಚರ್ಮ ಮುಚ್ಚಿದ್ದರೆ ಬಸುರಿಯ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲವಂತೆ.

"ನಾನೇನಾದ್ರೂ ತಪ್ಪು ಮಾಡಿದ್ನಾ ಡಾಕ್ಟ್ರೇ?" ಸುಷ್ಮಾ ಕೇಳಿದಳು.

"ಇಲ್ಲಮ್ಮ." ಅಷ್ಟು ಹೇಳಿ, ಮುಂದಿನ ಮಗುವಿಗೆ ಯೋಚನೆ ಮಾಡುವ ಮೊದಲೇ ತಮ್ಮ ಹತ್ತಿರ ಬರಬೇಕು, ಫೋಲಿಕ್ ಆಸಿಡ್ ಮಾತ್ರೆ ಆಗಲೇ ಶುರುವಾಗಬೇಕು ಎಂದರು. (ಬಸಿರು ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಆ ಕೊಳವೆಯ ಕೆಲಸ ಮುಗಿದೇ ಹೋಗಿರುತ್ತದಂತೆ! ಇದನ್ನು ನಮಗ್ಯಾರೂ ಹೇಳಿರಲೇ ಇಲ್ಲವಲ್ಲ?)

"ಎಡಗಾಲು ಸರಿಹೋಗುತ್ತಾ?" ಅಕ್ಕ ಕೇಳಿದಳು.

"ಹೋಗಿರೋ ಶಕ್ತಿ ಎಷ್ಟು ವಾಪಸ್ ಬರುತ್ತೋ ಈಗಲೇ ಹೇಳಕ್ಕಾಗಲ್ಲಮ್ಮ. ಇನ್ನೂ ಹೋಗದ ಹಾಗೆ ನೋಡ್ಕೋಬೇಕು. ಅದಕ್ಕೇ ಆಪರೇಷನ್."

ಗುರುವಾರ ಆಪರೇಷನ್. ಅಷ್ಟು ಪುಟ್ಟ ಬೆನ್ನಿಗೆ ಕತ್ತಿ ಎಲ್ಲಿ ಇಡುತ್ತಾರೋ! ಅಕ್ಕ ಕುಂಕುಮ ಒರೆಸಿದ್ದಾಳೆ, ಆಂಜನೇಯನಿಗೆ ಹೊತ್ತ ಹರಕೆ ಮಾತ್ರ ಬಿಟ್ಟಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಮತ್ತೆ ಕೈಮುಗಿಯುವ ಇಮೋಜಿಗಳು. ನಾನೂ ಒಂದು ಹಾಕಿದ್ದೇನೆ, ಈ ಸಲ ಮನಸ್ಸಿಟ್ಟು.

ಆಂಜನೇಯಾ, ಆ ಎಡಗಾಲಿಂದ ನನಗೊಂದು ಒದೆ ಕೊಡಿಸಪ್ಪಾ!