ಸಾಮಾನಿನ ಪಟ್ಟಿಯ ನಡುವೆ ಬರೆದಿಟ್ಟ ಹೆಂಗಸರು

ಇವತ್ತು ಭಾನುವಾರ. ದೋಸೆಗೆ ಅಕ್ಕಿ ನೆನೆಹಾಕಿದೆ. ಇವರ ಎರಡು ಅಂಗಿಗೆ ಗುಂಡಿ ಹೊಲಿದೆ. ಕರಿಬೇವಿನ ಗಿಡದ ಹುಳ ಆರಿಸಿದೆ. ಮಗಳ ಚೀಲದ ಜಿಪ್ಪು ಸರಿಮಾಡಿಸಿ ತಂದೆ. ಆಮೇಲೆ ಊಟದ ಮೇಜಿನ ಮೇಲೆ ಕಾಗದ ಹರಡಿ, ನಾಲ್ಕು ವರ್ಷದಿಂದ ಮುಚ್ಚಿಟ್ಟಿದ್ದನ್ನು ಮಲಯಾಳದಲ್ಲಿ ಬರೆಯಲು ಕೂತೆ. ನಾನು ಸುಳ್ಳು ಹೇಳಿದ್ದೆ — ಮೂರೇ ಶಬ್ದದ ಸುಳ್ಳು. ಅದರಿಂದ ಜಿನ್ಸಿ ಎಂಬವಳ ಕೆಲಸ ಹೋಯಿತು. ಎಷ್ಟೋ ಹೆಂಗಸರ ದೂರು ಮುಚ್ಚಿದ್ದು ಮುಚ್ಚಿಯೇ ಉಳಿಯಿತು.

ನಮ್ಮದು ತಿರುವನಂತಪುರದ ಒಂದು ಸಣ್ಣ ಸರ್ಕಾರಿ ಕಚೇರಿ. ಬೇರೆ ಇಲಾಖೆಗಳ ನೌಕರರ ಮೇಲೆ ಜನ ಕೊಡುವ ದೂರುಗಳನ್ನು ವಿಚಾರಿಸುವುದು ನಮ್ಮ ಕೆಲಸ. ಎಂಟು ಮಂದಿಯಲ್ಲಿ ಕಾಯಂ ನೌಕರಿಯಲ್ಲಿರುವ ಹೆಂಗಸು ನಾನೊಬ್ಬಳೇ — ಕಾಸರಗೋಡು ಕಡೆಯವಳು, ಕನ್ನಡದವಳು. ವಿಚಾರಣೆ ಬೆಳಿಗ್ಗೆ ಹತ್ತಕ್ಕೆ, ಎರಡನೇ ಮಹಡಿಯಲ್ಲಿ. ದೂರು ಕೊಟ್ಟವರು ಎರಡು ಸಲ ಬಾರದಿದ್ದರೆ ಫೈಲು ಮುಚ್ಚಬೇಕು. ರಿಜಿಸ್ಟರಿನಲ್ಲಿ ‘ಆಸಕ್ತಿಯಿಲ್ಲ’ ಎಂದು ನಾನೇ ಬರೆಯಬೇಕು. ಬರಲಾಗದವರು ಫೋನ್ ಮಾಡುತ್ತಿದ್ದರು. ಫೋನಿನ ಮಾತು ದಾಖಲೆಯಲ್ಲ ಎಂದು ಕಾರ್ಯದರ್ಶಿ ಸಾರ್ ಹೇಳಿದ್ದರು. ಆದರೂ ಕಿವಿಗೆ ಬಿದ್ದದ್ದನ್ನು ಬರೆದಿಡದೆ ಇರಲಾರದವಳು ನಾನು. ಮನೆಯ ನೋಟ್‌ಬುಕ್ಕು ಯಾವಾಗಲೂ ಚೀಲದಲ್ಲಿರುತ್ತಿತ್ತು. ಅದರಲ್ಲಿ ಕನ್ನಡದಲ್ಲಿ ಗೀಚಿಡುತ್ತಿದ್ದೆ. ಕಚೇರಿಯಲ್ಲಿ ಬೇರೆ ಯಾರಿಗೂ ಅದನ್ನು ಓದಲು ಬಾರದು.

ಚಾಲೈ ಮಾರುಕಟ್ಟೆಯಿಂದ ತರಬೇಕಾದ ಹುಣಿಸೆಹುಳಿ, ಒಣಮೆಣಸು, ಮೆಂತೆ — ಅದರ ಕೆಳಗೆ: ‘ಕೊಚ್ಚಿಯ ಬಟ್ಟೆಯಂಗಡಿ ಹುಡುಗಿ. ಒಂದು ದಿನ ರಜೆ ಹಾಕಿದರೆ ಮರುದಿನ ಬರಬೇಡ ಅನ್ನುತ್ತಾರಂತೆ.’ ಇನ್ನೊಂದು ಪುಟದಲ್ಲಿ, ಕೊತ್ತಂಬರಿಯ ಪಕ್ಕ: ‘ಗಾಲಿಕುರ್ಚಿಯ ಹೆಂಗಸು. ಮೆಟ್ಟಿಲು ಎಷ್ಟು ಎಂದು ಕೇಳಿದರು. ಎರಡು ಮಹಡಿ ಎಂದೆ. ಫೋನ್ ಇಟ್ಟರು.’

ಜಿನ್ಸಿ ಕೊಚ್ಚಿಯವಳು. ಒಂದು ವರ್ಷದ ಕರಾರಿನ ಮೇಲೆ ಬಂದವಳು. ನಮ್ಮ ಬಾಗಿಲಿಗೆ ಯಾರು ಬರುತ್ತಾರೆ, ಯಾರು ಅರ್ಧದಲ್ಲೇ ಬಿಟ್ಟುಹೋಗುತ್ತಾರೆ, ಅವರಲ್ಲಿ ಹೆಂಗಸರು, ದಲಿತರು, ಅಂಗವಿಕಲರು ಎಷ್ಟು, ಯಾಕೆ — ಇದನ್ನು ನೋಡಿ ಅವಳು ವರದಿ ಬರೆಯಬೇಕಿತ್ತು. ಅದಕ್ಕೆ ಲಿಂಗ ಮತ್ತು ವೈವಿಧ್ಯ ವಿಶ್ಲೇಷಣೆ ಎಂದು ಹೆಸರು. ಗುಮಾಸ್ತ ಶಾಜಿಗೆ ಅದೊಂದು ತಮಾಷೆ. “ಜಾಗ್ರತೆ ಚೇಚಿ, ಇನ್ನು ಆ ಸ್ಟೂಲು ಗಂಡೋ ಹೆಣ್ಣೋ ಅಂತಲೂ ಕೇಳ್ತಾಳೆ!” ಅಂದ. ನಾನೂ ನಕ್ಕೆ. ನನ್ನನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವುದು. ಆ ಕರೆಗೆ ಸೋತವಳು ನಾನು.

ಮೊದಲ ಕರಡನ್ನು ಅವಳು ಎಲ್ಲರ ಮುಂದೆ ಓದಿದಳು. ಅದರಲ್ಲಿ ಒಂದು ಸಾಲು: ‘ಇಲ್ಲಿಯ ಏಕೈಕ ಕಾಯಂ ಮಹಿಳಾ ನೌಕರರು, ಹಿರಿಯರಾಗಿದ್ದರೂ, ಪ್ರತಿ ಸಭೆಗೆ ಚಹಾ ಹಾಕಿಕೊಡುತ್ತಾರೆ.’

“ಚೇಚಿಯ ಚಹಾ ಸರ್ಕಾರದ ದಾಖಲೆಗೆ ಹೋಯ್ತು!” ಎಂದು ಶಾಜಿ ಮೇಜು ಕುಟ್ಟಿದ. ಸಾರ್ ಕೂಡ ನಕ್ಕರು. ಇಪ್ಪತ್ತು ವರ್ಷ ಶುಂಠಿ ಜಜ್ಜಿ, ಯಾರಿಗೆ ಸಕ್ಕರೆ ಬೇಡ ಎಂದು ನೆನಪಿಟ್ಟು ಮಾಡಿದ ಚಹಾ ಅದು. ಅದನ್ನು ಈ ನಿನ್ನೆ ಬಂದವಳು — ಅವಳು ಬರೆದದ್ದು ನಿಜವಾಗಿತ್ತು. ನಿಜವಾಗಿದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಅವಳ ಲೋಟವನ್ನು ಮಾತ್ರ ತೊಳೆಯದೆ ಬಿಡುತ್ತಿದ್ದೆ.

ಕೊನೆಯ ಸಭೆಯಲ್ಲಿ ಅವಳು ಹೇಳಿದಳು: ಹೆಂಗಸರು ಬಾರದಿರುವುದು ಆಸಕ್ತಿಯಿಲ್ಲದೆ ಅಲ್ಲ, ಕೊಚ್ಚಿಯಲ್ಲೂ ವಿಚಾರಣೆ ನಡೆಯಬೇಕು, ಮುಚ್ಚಿದ ಫೈಲು ತೆರೆಯಬೇಕು. ಸಾರ್ ಸಾಕ್ಷಿ ಕೇಳಿದರು. ಅವಳು ನನ್ನ ಕಡೆ ತಿರುಗಿದಳು.

“ಚೇಚಿ, ಫೋನ್ ಎತ್ತುವುದು ನೀವಲ್ಲವಾ? ಬಾರದವರು ಏನಾದರೂ ಕಾರಣ ಹೇಳಿದ್ದುಂಟಾ?”

ಚೀಲ ನನ್ನ ಮಡಿಲಲ್ಲಿತ್ತು. ನೋಟ್‌ಬುಕ್ಕಿನ ಮೂಲೆ ತೊಡೆಗೆ ಒತ್ತುತ್ತಿತ್ತು. ನಾನು ಹೇಳಿದೆ — “ಯಾರೂ ಏನೂ ಹೇಳಿಲ್ಲ.”

“ಹಾಗಾದರೆ ಇದು ವರದಿಯಲ್ಲ, ಕಟ್ಟುಕಥೆ” ಅಂದರು ಸಾರ್. ಅವಳ ಕರಾರು ಮುಂದುವರಿಯಲಿಲ್ಲ. ವರದಿಯ ಬದಲು ಒಂದೇ ಸಾಲು ಫೈಲಿಗೆ ಹೋಯಿತು: ‘ಲಿಂಗ ಅಥವಾ ವೈವಿಧ್ಯದ ದೃಷ್ಟಿಯಿಂದ ವ್ಯತ್ಯಾಸ ಕಂಡುಬಂದಿಲ್ಲ.’ ಟೈಪು ಮಾಡಿದವಳು ನಾನು. ಆ ದಿನ ಚಹಾಕ್ಕೆ ಏಲಕ್ಕಿಯನ್ನೂ ಹಾಕಿದ್ದೆ — ಅದನ್ನೂ ಬರೆದಿಟ್ಟಿದ್ದೇನೆ.

ಕಳೆದ ತಿಂಗಳು ಕೊಚ್ಚಿಯಲ್ಲಿ ವಿಚಾರಣೆ ನಡೆಸಿ ಎಂದು ಹೊಸದೊಂದು ಮನವಿ ಬಂತು. ಅದನ್ನು ತಳ್ಳಿಹಾಕುವ ಕರಡಿನಲ್ಲಿ ಆಧಾರವಾಗಿ ಅದೇ ಸಾಲು. ನನ್ನ ಸಾಲು. ಇವರಿಗೆ ಎಲ್ಲ ಹೇಳಿದೆ. ಶ್ರೀಕಾರ್ಯಂನ ಗೆಡ್ಡೆಗೆಣಸು ಸಂಶೋಧನಾ ಕೇಂದ್ರದಲ್ಲಿ ಇವರಿಗೆ ಕೆಲಸ, ಮಾತು ಕಡಿಮೆ. “ಇಷ್ಟು ವರ್ಷ ಆ ಹೆಂಗಸರ ಮಾತಿನ ಪಕ್ಕದಲ್ಲಿ ಸಾಮಾನಿನ ಪಟ್ಟಿ ಬರೆದೆಯಲ್ಲ ಮಾರಾಯ್ತಿ, ಕೈ ನಡುಗಲಿಲ್ಲವಾ?” ಅಂದರು. ನಡುಗಿರಲಿಲ್ಲ.

ಹೋದ ಶನಿವಾರ ಕೊಚ್ಚಿಗೆ ಹೋದೆ. ಕಲೂರ್ ಬಸ್ ನಿಲ್ದಾಣದ ಹತ್ತಿರ ಒಂದು ಟ್ಯೂಷನ್ ಕೇಂದ್ರದಲ್ಲಿ ಜಿನ್ಸಿ ಪಾಠ ಮಾಡುತ್ತಾಳೆ. ನೋಟ್‌ಬುಕ್ಕು ತೆರೆದು ಒಂದೊಂದಾಗಿ ಓದಿ ಮಲಯಾಳದಲ್ಲಿ ಹೇಳಿದೆ. ಅವಳು ಅಳಲಿಲ್ಲ, ಕೂಗಲಿಲ್ಲ. ಎದ್ದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಮುಂದಿಟ್ಟಳು.

“ಇವತ್ತು ನಾನು ಹಾಕಿದ್ದೇನೆ. ಬರೆದುಕೊಳ್ಳಿ ಚೇಚಿ.”

ನಾನು ಕ್ಷಮೆಯ ಮಾತೆತ್ತಿದೆ. ಅವಳು ಕೈ ಅಡ್ಡ ಹಿಡಿದಳು.

“ಬೇಡ. ನನ್ನ ಹತ್ತಿರ ಅತ್ತು ಹಗುರ ಆಗಬೇಡಿ. ಆ ಹೆಂಗಸರಿಗೆ ಕನ್ನಡ ಬರೋದಿಲ್ಲ, ನನಗೂ ಬರೋದಿಲ್ಲ. ಎಲ್ಲರೂ ಓದುವ ಹಾಗೆ ಬರೆದು ಸಹಿ ಹಾಕಿ ಕಚೇರಿಗೆ ಕೊಡಿ. ಆಮೇಲೆ ಇತ್ತ ಬರಬೇಡಿ.”

ಆ ಚಹಾ ಕುಡಿಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಕುಡಿದೆ.

ಅವಳ ಮಾತಿನಂತೆ ಇವತ್ತು ಬರೆದು ಮುಗಿಸಿದೆ. ನನ್ನ ಮಲಯಾಳದಲ್ಲಿ ತಪ್ಪು ಹೆಚ್ಚು, ಮಗಳು ತಿದ್ದಿದಳು. ಗಾಲಿಕುರ್ಚಿಯ ಹೆಂಗಸಿನ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ, “ಅಮ್ಮೇ, ಇದನ್ನು ನೀನು ಆಗಲೇ ಬರೆದಿಟ್ಟಿದ್ದೆಯಾ?” ಎಂದು ಮಲಯಾಳದಲ್ಲೇ ಕೇಳಿದಳು. ಹೌದು ಎಂದೆ. ಮತ್ತೆ ನನ್ನ ಮುಖ ನೋಡಲಿಲ್ಲ. ಪ್ರತಿ ಪುಟದ ಕೆಳಗೆ ಹೆಸರು, ಹುದ್ದೆ, ಸಹಿ ಹಾಕಿದ್ದೇನೆ. ಕೊನೆಯಲ್ಲಿ, ಆ ದಿನ ನಾನು ಹೇಳಿದ್ದು ಸುಳ್ಳು ಎಂದೂ ಬರೆದಿದ್ದೇನೆ. ನಾಳೆ ಹತ್ತು ಗಂಟೆಗೆ ಸಾರ್ ಮೇಜಿನ ಮೇಲೆ ಇದನ್ನು ಇಡುತ್ತೇನೆ, ಚಹಾ ಇಡುವುದಿಲ್ಲ.

ರಾತ್ರಿ ಊಟಕ್ಕೆ ಬೇಯಿಸಿದ ಮರಗೆಣಸು, ಹಸಿಮೆಣಸಿನ ಚಟ್ನಿ. ಮಗಳು ತಟ್ಟೆ ಹಿಡಿದು ತನ್ನ ಕೋಣೆಗೆ ಹೋದಳು. ಇವರು ಮಲಗಿದರು. ಮಗಳ ಕೋಣೆಯ ದೀಪ ಇನ್ನೂ ಆರಿಲ್ಲ.