ಮುತ್ತರಾಯಪ್ಪನ ಕರೆಂಟು ಗಿಟಾರು

ಯುದ್ಧ ಮುಗಿದ ವರ್ಷ ಮೂಕಂಡಪಲ್ಲಿಯ ಮುತ್ತರಾಯಪ್ಪ ಮನೆಗೆ ಕರೆಂಟು ಗಿಟಾರೊಂದನ್ನು ತಂದ. ಊರಿಗೆ ಕರೆಂಟು ಬಂದಿರಲಿಲ್ಲ. ಬೆಂಗಳೂರು ದಂಡಿನ ಅಡುಗೆಮನೆಗೆ ಅವನು ಎತ್ತಿನ ಗಾಡಿಯಲ್ಲಿ ತರಕಾರಿ ಹಾಕುತ್ತಿದ್ದ. ತನ್ನ ದೇಶಕ್ಕೆ ಹೊರಟ ಬಿಳಿ ಸಿಪಾಯಿಯೊಬ್ಬ ಗಿಟಾರನ್ನು ಖಾಲಿ ಕುಕ್ಕೆಗಳ ನಡುವೆ ಇಟ್ಟು, ಬೆನ್ನು ತಟ್ಟಿ ಹೋಗಿದ್ದ. ವಾದ್ಯದ ಹೊಟ್ಟೆ ಟೊಳ್ಳಾಗಿದ್ದರಿಂದ ಕರೆಂಟಿಲ್ಲದೆಯೂ ಸದ್ದು ಬರುತ್ತಿತ್ತು.

ಅದರ ಬುಡದಲ್ಲೊಂದು ಕಬ್ಬಿಣದ ಸನ್ನೆ, ಕೈಗೆ ಸಿಗುವಂಥ ಸಣ್ಣ ಕೋಲು. ಅದುಮಿ ಬಿಟ್ಟರೆ ತಂತಿಗಳೆಲ್ಲ ಸಡಿಲಾಗಿ ಮತ್ತೆ ಬಿಗಿದು, ಸ್ವರ ನಡುಗುತ್ತಿತ್ತು. ಮೊದಲೇ ಏಕತಾರಿ ಬಲ್ಲ ಮುತ್ತರಾಯಪ್ಪ ಸುಗ್ಗಿ ಕಳೆಯುವುದರೊಳಗೆ ಗಿಟಾರಿನಲ್ಲೂ ಪದ ನುಡಿಸಲು ಕಲಿತ. ಗುಡಿಯ ಶನಿವಾರದ ಭಜನೆಯಲ್ಲಿ ಸಾಲಿನ ಕೊನೆಗೆ ಅವನು ಸನ್ನೆ ಅದುಮಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಮುಂದಿನ ಸಾಲಿಗೆ ಕಿವಿ ಮುಚ್ಚಿಕೊಂಡರು. ಸನ್ನೆ ಬಿಟ್ಟ ಮೇಲೆ ತಂತಿ ಮೊದಲಿನ ಶ್ರುತಿಗೆ ಮರಳುತ್ತಿರಲಿಲ್ಲ.

ಭಜನೆಯ ಯಜಮಾನರಾದ ಹಾರ್ಮೋನಿಯಂ ವೆಂಕಟರಮಣಪ್ಪನವರು ಪೆಟ್ಟಿಗೆ ಮುಚ್ಚಿದರು.

"ಆ ಕಬ್ಬಿಣ ಕಿತ್ತಾಕ್ಲಾ. ಇಲ್ಲಾಂದ್ರೆ ಹೊರ್ಗಡೆ ಕೂತ್ಕೊಂಡು ನುಡ್ಸು. ದೇವ್ರಿಗೂ ಕಿವಿ ಐತೆ."

"ಅದ್ನ ಕಿತ್ರೆ ಬರೀ ಮರ ಕಣಣ್ಣಾ. ನಮ್ಮವ್ವ ರಾಗಿ ಬೀಸ್ವಾಗ ಹಾಡ್ತಿದ್ಲಲ್ಲ, ದನಿ ಹಿಂಗೇ ನಡುಗ್ತಿತ್ತು."

"ಹೂಂ, ಅವ್ಳೂ ಶ್ರುತಿ ಬಿಡ್ತಿದ್ಲು."

ಮುತ್ತರಾಯಪ್ಪ ಗಿಟಾರು ಎತ್ತಿಕೊಂಡು ಮನೆಗೆ ಹೋದ. ಆಮೇಲಿನ ಶನಿವಾರಗಳಲ್ಲಿ ಭಜನೆಯ ಹೊತ್ತಿಗೆ ಸರಿಯಾಗಿ ಎತ್ತುಗಳ ಮೈ ತೊಳೆಯುತ್ತಿದ್ದ. ಊರಿನಲ್ಲಿ ಅಷ್ಟು ಚೊಕ್ಕಟವಾದ ಎತ್ತುಗಳು ಬೇರೆ ಇರಲಿಲ್ಲ.

ತಂತಿ ಹಳೆಯದಾಗಿರಬೇಕೆಂದು ಕೃಷ್ಣಗಿರಿಗೆ ಹೋಗಿ, ತಂಬೂರಿ ರಿಪೇರಿ ಮಾಡುವ ಕೊಂಡಪ್ಪನಿಂದ ಹೊಸದು ಹಾಕಿಸಿದ. "ಹೊಸ ತಂತಿ ಅಂದ್ರೆ ನೊಗ ಕಾಣದ ಹೋರಿ," ಎಂದ ಕೊಂಡಪ್ಪ. "ಎಳ್ದು ಎಳ್ದು ಪಳಗಿಸ್ಬೇಕು." ಮುತ್ತರಾಯಪ್ಪ ಎಳೆದು ಶ್ರುತಿ ಮಾಡಿದ, ಮತ್ತೆ ಎಳೆದು ಮತ್ತೆ ಶ್ರುತಿ ಮಾಡಿದ. ಅರ್ಧ ಕಾಯಿಲೆ ವಾಸಿಯಾಯಿತು.

ಉಳಿದರ್ಧವನ್ನು ಪತ್ತೆ ಮಾಡಿದವಳು ಅವನ ಹೆಂಡತಿ ಬೈರಮ್ಮ. ಅವರೆಕಾಯಿ ಬಿಡಿಸುತ್ತ ಕೂತವಳು ಕೈ ನಿಲ್ಲಿಸಿ ಹೇಳಿದಳು: "ತಂತಿ ಹಿಂದಕ್ಕೆ ಬರ್ವಾಗ ತಲೆತಾವ ಟಿಕ್ ಅಂತೈತೆ. ಅಲ್ಲೇ ಎಲ್ಲೋ ಸಿಕ್ಕಾಕ್ಕೊಂತೈತೆ."

ನಿಜ. ಕುತ್ತಿಗೆಯ ತುದಿಯಲ್ಲಿದ್ದ ಮೂಳೆಪಟ್ಟಿಯ ಸೀಳುಗಳಲ್ಲಿ ತಂತಿ ಕಚ್ಚಿಕೊಳ್ಳುತ್ತಿತ್ತು.

"ಗಾಡಿ ಅಚ್ಚು ಕಚ್ಕೊಂಡ್ರೆ ಏನ್ ಹಾಕ್ತೀಯ?" ಎಂದಳು ಬೈರಮ್ಮ.

ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ ಗಾಡಿಯ ಕೆಳಗೇ ತೂಗಾಡುತ್ತಿತ್ತು. ಮುತ್ತರಾಯಪ್ಪ ಸೀಳುಗಳಿಗೆ ಹಚ್ಚಿದ. ಖುಷಿಯಲ್ಲಿ ತಂತಿ ಸುತ್ತುವ ಬಿರಡೆಗಳಿಗೂ ಬಳಿದ. ಶನಿವಾರ ಬಂದು ಗುಡಿಯಲ್ಲಿ ಕೂತ. ಮೊದಲ ಪದದಲ್ಲೇ ದಪ್ಪ ತಂತಿ ಬಿರಡೆಯಿಂದ ಜಾರಿ ಚಿಮ್ಮಿ, ವೆಂಕಟರಮಣಪ್ಪನವರ ಬಿಳಿ ಪೇಟದ ಮೇಲೆ ಕರಿಗೆರೆ ಎಳೆಯಿತು. ದೇವರ ಪದವನ್ನು ನಡುವೆ ನಿಲ್ಲಿಸುವ ಪದ್ಧತಿ ಇಲ್ಲದ್ದರಿಂದ ಅವರು ಪೂರ್ತಿ ಹಾಡಿ ಮುಗಿಸಿ, ಆಮೇಲೆ ಬೈದರು.

ಬೈರಮ್ಮ ಬಿರಡೆಗಳನ್ನು ಸೀಗೆಪುಡಿ ಹಾಕಿ ತಿಕ್ಕಿ ಒಣಗಿಸಿದಳು. ಮುತ್ತರಾಯಪ್ಪ ತಂತಿಗಳನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ, ಕಡ್ಡಿಯ ತುದಿಯಿಂದ ಸೀಳುಗಳಿಗೆ ಮಾತ್ರ ಕೀಲೆಣ್ಣೆ ಮುಟ್ಟಿಸಿದ.

ಮುಂದಿನ ವಾರ ಯಾರೂ ಹೇಳದೆ ತಾನೇ ಗುಡಿಯ ಹೊರಗೆ ಕೂತು ನುಡಿಸಿದ. ಸನ್ನೆ ಅದುಮಿದ. ಸ್ವರ ನಡುಗಿ, ಹೊರಟಲ್ಲಿಗೇ ಬಂದು ನಿಂತಿತು. ನಂಬಿಕೆಯಾಗದೆ ಇನ್ನೊಮ್ಮೆ ಅದುಮಿದ. ಮತ್ತೆ ಬಂತು. ವೆಂಕಟರಮಣಪ್ಪನವರು ಬಾರಿಸುತ್ತಲೇ ಗದ್ದ ಎತ್ತಿ ಒಳಗೆ ಕರೆದರು.

ಅವನು ಒಳಗೆ ಕೂತ ಮೇಲೆ ಬೇರೊಂದು ಸಂಗತಿ ಎಲ್ಲರಿಗೂ ಕೇಳಿಸಿತು. ಹಾರ್ಮೋನಿಯಂನ ಒಂದು ಮನೆ ಒತ್ತಿದರೆ ಸ್ವರ ಶ್ರುತಿಗಿಂತ ಇಳಿದೇ ಬರುತ್ತಿತ್ತು. ಇಷ್ಟು ದಿನ ಆ ತಪ್ಪೂ ಗಿಟಾರಿನ ತಲೆಗೇ ಹೋಗುತ್ತಿತ್ತು. ಆ ಸ್ವರ ಬಂದಾಗಲೆಲ್ಲ ಯಜಮಾನರು ಕೆಮ್ಮುವುದನ್ನು ರೂಢಿ ಮಾಡಿಕೊಂಡರು. ಅದೇ ಹೊತ್ತಿಗೆ ಮುತ್ತರಾಯಪ್ಪ ಸನ್ನೆ ಅದುಮಿ ಎಲ್ಲರನ್ನೂ ಆ ಜಾಗ ದಾಟಿಸುತ್ತಿದ್ದ.