ಹಿಂದೆ ಕೂರುವವರನ್ನು ಕೇಳುತ್ತಿದ್ದ ಮೇಷ್ಟ್ರು

ಕಳೆದ ವಾರ ನಮ್ಮ ಕಾರು ಗ್ಯಾರೇಜಿನಲ್ಲಿತ್ತು. ನರಸೀಪುರದ ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಆಟೋ ಹತ್ತಿದೆ. ಹತ್ತಿದ ಕೂಡಲೇ ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಡ್ರೈವರಿಗೆ ನೆಗಡಿಯಿರಬೇಕು, ಕರ್ಚೀಫಿಗೆ ಹಾಕಿಕೊಂಡು ಆಗಾಗ ಮೂಗಿಗೆ ಹಿಡಿಯುತ್ತಿದ್ದ. ನಾನು ಬಗ್ಗಿ ಕನ್ನಡಿಯಲ್ಲಿ ಅವನ ಮುಖ ನೋಡಿದೆ. ನಾನು ಹುಡುಕಿದ ಮುಖ ಅದಾಗಿರಲು ಸಾಧ್ಯವೇ ಇರಲಿಲ್ಲ. ಆ ಜೀವ ಮಣ್ಣಾಗಿ ನಾಲ್ಕು ವರ್ಷವಾಯಿತು... ಆದರೂ ನೋಡಿದೆ.

ಅವರು ನನ್ನ ಡ್ರೈವಿಂಗ್ ಮೇಷ್ಟ್ರು. ಹೆಮ್ಮರಗಾಲದ ಕಡೆಯವರು, ಬಸ್ಸು ಓಡಿಸಿ ರಿಟೈರಾಗಿ ನಂಜನಗೂಡಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದರು. ಸ್ಕೂಲು ಅಂದರೇನು, ಒಂದು ಹಳೇ ಕಾರು, ಅದರ ತಲೆಯ ಮೇಲೊಂದು ಬೋರ್ಡು, ಪಕ್ಕದ ಸೀಟಿನಲ್ಲಿ ಮೇಷ್ಟ್ರು, ಅಷ್ಟೆ. ಹೊಸಬರು ಕ್ಲಚ್ ಸುಟ್ಟು ಸುಟ್ಟು ಕಾರೆಲ್ಲ ಸೀದ ವಾಸನೆ ಬರುತ್ತದೆಂದು ಟವೆಲ್ಲಿಗೆ ನೀಲಗಿರಿ ಎಣ್ಣೆ ಹಾಕಿ ಹೆಗಲ ಮೇಲೆ ಹೊದ್ದುಕೊಳ್ಳುತ್ತಿದ್ದರು. ನಾನಾಗ ಹೆಡತಲೆಯ ಕಡೆ ಒಂದು ಆಸ್ಪತ್ರೆಯಲ್ಲಿ ನರ್ಸ್. ವಯಸ್ಸು ಮೂವತ್ತೆಂಟು. ನಮ್ಮವರಿಗೆ ಒಂದು ಕಣ್ಣು ಮಂಜು, ಲೈಸೆನ್ಸ್ ಸಿಗುವ ಹಾಗಿರಲಿಲ್ಲ. ಅದಕ್ಕೇ ನಾನು ಕಲಿಯಹೊರಟಾಗ ಬೀದಿಯವರೆಲ್ಲ ಮುಸಿಮುಸಿ ನಕ್ಕರು. ಮೇಷ್ಟ್ರು ನಗಲಿಲ್ಲ.

"ಸಿಸ್ಟರಮ್ಮ, ಇಂಜೆಕ್ಷನ್ ಚುಚ್ಚೋವಾಗ ಕೈ ನಡುಗ್ತದಾ? ಇಲ್ಲ ತಾನೆ? ಗೇರೂ ಅಂಗೇ ಆಕು" ಅಂದರು. ಅಷ್ಟೇ ಪಾಠ. ಒಂದೂವರೆ ತಿಂಗಳಿಗೆ ನಾನೇ ಓಡಿಸಿಕೊಂಡು ಮೈಸೂರಿಗೆ ಹೋಗಿ ಬಂದೆ.

ಅಂಥ ಮನುಷ್ಯ ನನಗೆ ಮೋಸ ಮಾಡಿದರೋ ಇಲ್ಲವೋ... ಈ ಒಂದು ಪ್ರಶ್ನೆಯನ್ನು ತಲೆಯಲ್ಲಿ ಹೊತ್ತುಕೊಂಡು ನಾನು ಎಂಟು ವರ್ಷ ತಿರುಗಿದ್ದೇನೆ.

ನಮ್ಮತ್ತೆ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿತ್ತು. ತಿಂಗಳಿಗೆರಡು ಸಲ ಮೈಸೂರಿಗೆ ತೋರಿಸಬೇಕು. ಬಸ್ಸು ಹತ್ತಿಸುವಂತಿಲ್ಲ, ಆಟೋದಲ್ಲಿ ಒಂದೊಂದು ಹಂಪ್ ಬಂದಾಗಲೂ ಅವರು 'ಅಯ್ಯೋ ಶಿವನೇ' ಎಂದು ಕೂಗುವುದನ್ನು ಕೇಳಲಾಗುತ್ತಿರಲಿಲ್ಲ. ಹೊಸ ಕಾರಿಗೆ ನಮ್ಮ ಕೈ ಎಟುಕದು. ಸರಿ, ಸೆಕೆಂಡ್ ಹ್ಯಾಂಡ್ ನೋಡೋಣ ಅಂದುಕೊಂಡೆವು. ಅಂದುಕೊಂಡಿದ್ದೇ ತಪ್ಪಾಯಿತು ನೋಡಿ! ಅದುವರೆಗೆ ಕಾರಿನ ಬಾಗಿಲು ಸರಿಯಾಗಿ ಹಾಕಲು ಬಾರದವರೂ ಬುದ್ಧಿ ಹೇಳಲು ಬಂದರು. ಒಬ್ಬರು ಡೀಸೆಲ್ಲೇ ತಗೊಳ್ಳಿ ಅಂದರು, ಇನ್ನೊಬ್ಬರು ಡೀಸೆಲ್ ಮುಟ್ಟಲೇಬೇಡಿ ಅಂದರು. ಮೀಟರ್ ನೋಡಿ ಎಂದು ಒಬ್ಬರು, ಮೀಟರ್ ತಿರುಗಿಸಿರ್ತಾರೆ, ಟೈರ್ ನೋಡಿ ಎಂದು ಮತ್ತೊಬ್ಬರು. ಟೈರೂ ಬದಲಾಯಿಸಿರ್ತಾರೆ, ಪೆಡಲಿನ ರಬ್ಬರ್ ಸವೆದಿದೆಯಾ ನೋಡಿ ಎಂದು ನಮ್ಮ ಆಸ್ಪತ್ರೆಯ ಫಾರ್ಮಸಿಸ್ಟ್. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ನಮ್ಮವರಿಗೆ ಇದ್ದೊಂದು ಕಣ್ಣೂ ಉರಿಯತೊಡಗಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಕಾರಿಗೆ ನಾಲ್ಕು ಚಕ್ರ ಎನ್ನುವುದರ ಮೇಲೂ ನನಗೆ ಅನುಮಾನ ಬಂದಿತ್ತು. ಕೊನೆಗೆ ಮೇಷ್ಟ್ರ ಹತ್ತಿರ ಹೋಗಿ, ನೀವೇ ಒಂದು ನೋಡಿ ಕೊಡಿಸಿ, ನೀವು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ ಎಂದೆ. ಮಾತು ಕೊಟ್ಟವಳು ನಾನೇ.

ಮೇಷ್ಟ್ರು ಕಾರು ನೋಡುವ ರೀತಿಯೇ ವಿಚಿತ್ರ. ಬಾನೆಟ್ ಎತ್ತಿ ಒಂದು ಸಲ ಇಣುಕಿ ಮುಚ್ಚಿಬಿಡುತ್ತಿದ್ದರು. ಆಮೇಲೆ ಕುಡಿಯಲು ನೀರು ಕೇಳುವ ನೆಪದಲ್ಲಿ ಸೀದಾ ಮನೆಯೊಳಗೆ! ಅಡುಗೆಮನೆ ಬಾಗಿಲಲ್ಲೋ ಹಿತ್ತಲಲ್ಲೋ ಇರುವ ಹೆಂಗಸರನ್ನೂ ಮುದುಕಿಯರನ್ನೂ ಮಾತಾಡಿಸುತ್ತಿದ್ದರು. "ಯಾರ‍್ಯಾರು ಎಲ್ಲೆಲ್ಲಿ ಕೂರ್ತಿದ್ರವ್ವ?" ಇದೊಂದೇ ಪ್ರಶ್ನೆ.

"ಓಡ್ಸೋನ್ನ ಕೇಳಿದ್ರೆ ಬರೀ ಒಳ್ಳೇದೇ ಏಳ್ತಾನೆ ಕಣವ್ವ, ಅವ್ನು ಮಾರ‍್ಬೇಕಲ್ಲ" ಎಂದು ನನಗೆ ವಿವರಿಸಿದ್ದರು. "ಇಂದೆ ಕೂರೋರಿಗೆ ಸುಳ್ಳು ಏಳಾಕೆ ಯಾರೂ ಏಳ್ಕೊಟ್ಟಿರಕಿಲ್ಲ."

ನಂಜನಗೂಡಿನಲ್ಲೇ ನೋಡಿದ ಮೊದಲ ಕಾರಿನ ಮನೆಯ ಅಜ್ಜಿ, "ಕಾರೇನೋ ಚೆಂದಾಗದೆ, ಮಳೇಲಿ ಮಾತ್ರ ನಾನು ಕಾಲು ಎತ್ಕೊಂಡೇ ಕೂರೋದು" ಎಂದುಬಿಟ್ಟರು. ಮ್ಯಾಟ್ ಎತ್ತಿ ನೋಡಿದರೆ ತಳ ತುಕ್ಕು ಹಿಡಿದು ರಸ್ತೆ ಕಾಣುತ್ತಿತ್ತು. ಮಾರುವವನ ಮುಖ ನೋಡಬೇಕಿತ್ತು! ಮೇಷ್ಟ್ರು ಅಜ್ಜಿಗೆ ಕೈ ಮುಗಿದು ಹೊರಬಂದರು. ದಾರಿಯುದ್ದಕ್ಕೂ ನಾವಿಬ್ಬರೂ ನಕ್ಕೆವು.

ಆಮೇಲೆ ಸಿಕ್ಕಿದ್ದು ನರಸೀಪುರದ ಆ ಕೆಂಪು ಕಾರು. ಒಬ್ಬರದೇ ಕೈಯಲ್ಲಿ ಓಡಿದ್ದು, ಒಂದು ಗೀರಿಲ್ಲ, ಸೀಟಿನ ಮೇಲೆ ಒಗೆದ ಬಟ್ಟೆಯ ಹೊದಿಕೆ. ಬಾಗಿಲು ಅಗಲ, ಸೀಟು ಎತ್ತರ, ಅತ್ತೆ ಸೊಂಟ ಬಗ್ಗಿಸದೆ ಹಾಗೇ ಕೂರಬಹುದು. ತೋರಿಸಿದವನು ಮನೆಯೊಡತಿಯ ತಮ್ಮ. ನಾನು ಓಡಿಸಿ ನೋಡಿದೆ, ಬೆಣ್ಣೆಯ ಹಾಗಿತ್ತು. ಮನಸ್ಸಿನಲ್ಲಿ ಆಗಲೇ ಅದು ನನ್ನದಾಗಿತ್ತು. ಮೇಷ್ಟ್ರು ಎಂದಿನಂತೆ ನೀರು ಕೇಳಿಕೊಂಡು ಒಳಗೆ ಹೋದರು. ಐದು ನಿಮಿಷವಾಯಿತು, ಹತ್ತಾಯಿತು... ಅರ್ಧ ಗಂಟೆಯಾದ ಮೇಲೆ ಬಂದವರು ನನ್ನ ಮುಖವನ್ನೂ ನೋಡಲಿಲ್ಲ.

"ಬ್ಯಾಡ ಕಣವ್ವ. ನಡಿ ಓಗವ."

ಯಾಕೆ ಎಂದು ಕೇಳಿದೆ. "ಬ್ಯಾಡ ಅಂದ್ನಲ್ಲ. ಅದು ನಿಂಗಲ್ಲ" ಅಂದರು. ಇಂಜಿನ್ನಾ? ಊಹೂಂ. ಆಕ್ಸಿಡೆಂಟಾಗಿದೆಯಾ? ಊಹೂಂ. ದಾಖಲೆ ಸರಿಯಿಲ್ಲವಾ? ಎಲ್ಲ ಸರಿಯಾಗದೆ. ನಂಜನಗೂಡಿಗೆ ವಾಪಸಾಗುವ ದಾರಿಯಲ್ಲಿ ಮತ್ತಿನ್ನೇನು ಮೇಷ್ಟ್ರೇ ಎಂದರೆ ಕಿಟಕಿಯ ಕಡೆ ತಿರುಗಿ ಕೂತರು. ನನಗೆ ಏನೂ ಅರ್ಥವಾಗಲಿಲ್ಲ, ಆದರೆ ಕೊಟ್ಟ ಮಾತಿತ್ತಲ್ಲ, ಬಾಯಿ ಮುಚ್ಚಿಕೊಂಡೆ.

ಮೂರು ವಾರದ ಮೇಲೆ ಸ್ಕೂಟಿಗೆ ಪೆಟ್ರೋಲ್ ಹಾಕಿಸಲು ನಿಂತಿದ್ದಾಗ ಅದೇ ಕೆಂಪು ಕಾರು ಬಂಕಿನೊಳಗೆ ಬಂತು. ಮುಂದೆ ಮಲ್ಲಿಗೆ ಹಾರ, ಗಾಜಿನ ಮೇಲೆ ಕುಂಕುಮ. ಓಡಿಸುತ್ತಿದ್ದವರು ಮೇಷ್ಟ್ರು, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ಅವರ ಹೆಂಡತಿ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮೊದಲೇ ಮುಂಗೋಪಿ, ಆವತ್ತು ಜನ ನೋಡುತ್ತಿದ್ದಾರೆ ಅನ್ನುವುದೂ ಕಾಣಲಿಲ್ಲ.

"ನನಗೆ ಬೇಡ ಅಂದಿದ್ದು ನಿಮಗೆ ಬೇಕಾಗಿತ್ತಾ ಮೇಷ್ಟ್ರೇ? ಬಾಯಿ ಬಿಟ್ಟು ಕೇಳಿದ್ದಿದ್ರೆ ನಾನೇ ಬಿಟ್ಟುಕೊಡ್ತಿದ್ದೆನಲ್ಲ! ನಂಬಿಸಿ ಹಿಂಗಾ ಮಾಡೋದು?"

ಮೇಷ್ಟ್ರು ಸ್ಟೀರಿಂಗ್ ಹಿಡಿದುಕೊಂಡೇ ಇದ್ದರು. ಏನೋ ಹೇಳಲು ಬಾಯಿ ತೆರೆದರು, ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿದರು. ಕೊನೆಗೆ ಮತ್ತದೇ ಮಾತು. "ಅದು ನಿಂಗಲ್ಲ ಕಣವ್ವ." ಆ ಅಕ್ಕ ನನ್ನ ಮುಖ, ಅವರ ಮುಖ ನೋಡುತ್ತಾ ಕೂತಿದ್ದರು.

ಅಲ್ಲಿಗೆ ಮಾತು ನಿಂತಿತು. ಹಟಕ್ಕೆ ಬಿದ್ದು ಮೈಸೂರಿನಲ್ಲಿ ನಾನೇ ಒಂದು ಬೂದು ಬಣ್ಣದ ಕಾರು ತಂದೆ. ಹಿಂದೆ ಕೂರುವವರನ್ನು ಯಾರನ್ನೂ ಕೇಳಿರಲಿಲ್ಲ. ಎ.ಸಿ. ಹಾಕಿದರೆ ನೀರು ಒಳಗೇ ತೊಟ್ಟಿಕ್ಕಿ ನಮ್ಮತ್ತೆಯ ಕಾಲು ನೆನೆಯುತ್ತಿತ್ತು. ಅವರಾದರೂ ಸುಮ್ಮನಿರಬೇಡವೇ! "ನಿಮ್ ಮೇಷ್ಟ್ರು ಬಂದಿದ್ರೆ ಇಂಗಾಯ್ತಿರ‍್ಲಿಲ್ಲ" ಎಂದು ಪ್ರತಿ ಸಲವೂ ಅನ್ನುತ್ತಿದ್ದರು. ಆ ಹೆಸರು ಎತ್ತಬೇಡಿ ಎಂದು ನಾನು ರೇಗುತ್ತಿದ್ದೆ.

ಎದುರು ಸಿಕ್ಕರೆ ಮೇಷ್ಟ್ರು ಹಾರ್ನ್ ಮಾಡುತ್ತಿದ್ದರು. ನಾನು ನೋಡುತ್ತಿರಲಿಲ್ಲ. ಒಂದು ಸಲ ರೇಡಿಯೇಟರ್ ಮುಚ್ಚಳ ತೆಗೆಯಲು ಹೋಗಿ ಕೈ ಸುಟ್ಟುಕೊಂಡು ನಮ್ಮ ಆಸ್ಪತ್ರೆಗೇ ಬಂದರು. ಬಾಗಿಲಲ್ಲಿ ಟವೆಲ್ ಕಂಡಿತು. ನಾನು ಇನ್ನೊಬ್ಬ ನರ್ಸನ್ನು ಕಳಿಸಿ ಒಳಗೆ ಸುಮ್ಮನೆ ಲಸಿಕೆಯ ಪುಸ್ತಕ ತಿರುವುತ್ತಾ ಕೂತೆ. ಡ್ರೆಸ್ಸಿಂಗ್ ಮಾಡಿಸಿಕೊಳ್ಳುತ್ತಾ ಅವರು ಅವಳನ್ನು ಕೇಳಿದ್ದು ಬಾಗಿಲ ಹಿಂದೆ ನನಗೆ ಕೇಳಿಸಿತು. "ಸಿಸ್ಟರಮ್ಮ ಈಗ ಕಾರು ಚೆಂದಾಗಿ ಓಡಿಸ್ತಾವ್ರಾ?" ನಾನು ಎದ್ದು ಹೋಗಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ.

ಸಕ್ಕರೆ ಕಾಯಿಲೆ ಕಿಡ್ನಿಗೆ ಹೋಗಿ ಅವರು ತೀರಿಕೊಂಡರೆಂದು ಯಾರೋ ಫೋನ್ ಮಾಡಿದರು. ಡ್ಯೂಟಿ ಇದೆ, ಬರಲಾಗುವುದಿಲ್ಲ ಎಂದೆ. ಡ್ಯೂಟಿ ಬದಲಾಯಿಸಿಕೊಳ್ಳಬಹುದಿತ್ತು...

ಹೋದ ವರ್ಷ ನನಗೆ ನರಸೀಪುರಕ್ಕೆ ವರ್ಗವಾಯಿತು. ಎರಡು ತಿಂಗಳ ಹಿಂದೆ ಬಿ.ಪಿ. ನೋಡಿಸಲು ಬಂದ ಒಬ್ಬ ಹೆಂಗಸು ನನ್ನನ್ನೇ ದಿಟ್ಟಿಸುತ್ತಿದ್ದರು. ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ, "ನೀವು ನಮ್ಮ ಕೆಂಪು ಕಾರು ನೋಡೋಕೆ ಬಂದಿದ್ರಿ ಅಲ್ವಾ ಸಿಸ್ಟರ್?" ಎಂದರು. ಆವತ್ತು ಮನೆಯೊಳಗಿದ್ದವರು ಅವರೇ. ನಿಮ್ಮ ಮೇಷ್ಟ್ರು ಹೇಗಿದ್ದಾರೆ ಎಂದು ಕೇಳಿದರು. ಇಲ್ಲ ಎಂದಾಗ ಅವರ ಕಣ್ಣು ತುಂಬಿತು. ನನಗೆ ಗಲಿಬಿಲಿ. ಕಾರು ಕೊಂಡವರು ಸತ್ತರೆ ಮಾರಿದವರು ಅಳುತ್ತಾರೆಯೇ?

"ನಮ್ಮೋರು ಅದರಲ್ಲೇ ಹೋಗಿಬಿಟ್ರು ಸಿಸ್ಟರ್" ಎಂದರು. ಮುಡುಕುತೊರೆಯಿಂದ ಬರುವಾಗ ಎದೆ ಹಿಡಿದುಕೊಂಡು ಕಾರನ್ನು ರಸ್ತೆ ಪಕ್ಕ ನಿಲ್ಲಿಸಿದರಂತೆ, ಹಾಗೇ ಸ್ಟೀರಿಂಗ್ ಮೇಲೆ ತಲೆಯಿಟ್ಟರಂತೆ. ಹಿಂದಿನ ಸೀಟಿನಲ್ಲಿ ಇವರೂ ಮಗಳೂ. "ಆಮೇಲೆ ಮಗಳು ದಿನಾ ಸ್ಕೂಲಿಂದ ಬಂದು ಅದರಲ್ಲೇ ಹಿಂದೆ ಕೂತ್ಕೊಳ್ಳೋಳು. ಇಳಿಯಮ್ಮ ಅಂದ್ರೆ, ಅಪ್ಪ ಇನ್ನೂ ಮನೆ ಹತ್ರ ನಿಲ್ಸಿಲ್ಲ ಅನ್ನೋಳು. ಆ ಕಾರು ಮನೆ ಬಾಗಿಲಿಂದ ಹೋಗ್ಬೇಕಿತ್ತು ಸಿಸ್ಟರ್. ಇಬ್ಬರು ಬಂದೋರು ಅಕ್ಕಪಕ್ಕದವರ ಬಾಯಲ್ಲಿ ಕೇಳಿ ಬೇಡ ಅಂದುಬಿಟ್ರು. ಯಾರ ಹತ್ರನೂ ಬಾಯಿ ಬಿಡ್ಬೇಡ ಅಂತ ತಮ್ಮ ಹೇಳಿದ್ದ. ಆದ್ರೆ ಮೇಷ್ಟ್ರು ಯಾರು ಎಲ್ಲಿ ಕೂರ್ತಿದ್ರಿ ಅಂತ ಕೇಳಿದ್ರಲ್ಲ... ನನಗೆ ತಡೆಯೋಕಾಗ್ಲಿಲ್ಲ."

ಮೇಷ್ಟ್ರು ಅವರ ಮುಂದೆ ನೆಲದ ಮೇಲೆ ಕೂತು ಎಲ್ಲ ಕೇಳಿದರಂತೆ. ಸಿಸ್ಟರಮ್ಮನಿಗೆ ಸುಳ್ಳು ಹೇಳಿ ಕೊಡಿಸಲಾರೆ, ನಿಜ ಹೇಳಿ ನಿಮ್ಮ ಕಾರಿನ ಹೆಸರನ್ನೂ ಕೆಡಿಸಲಾರೆ, ಮೂರು ವಾರ ಸಮಯ ಕೊಡಿ, ಕಾರು ಮನೆ ಬಾಗಿಲಿಂದ ಹೋಗುತ್ತೆ ಅಂದರಂತೆ. ಹೇಳಿದ ಬೆಲೆಯಲ್ಲಿ ಒಂದು ರೂಪಾಯಿ ಇಳಿಸಲಿಲ್ಲವಂತೆ. ಹೋಗುವಾಗ, ಇದು ನಮ್ಮಿಬ್ಬರಲ್ಲೇ ಇರಲಿ, ನಮ್ಮ ಮನೆಯವಳಿಗೂ ಹೇಳಲ್ಲ ಅಂದರಂತೆ.

ನಾನು ಬಿ.ಪಿ. ನೋಡುವುದನ್ನೇ ಮರೆತಿದ್ದೆ.

ಆಗಿನಿಂದ ನನ್ನನ್ನು ಒಂದೇ ಯೋಚನೆ ಕಾಡುತ್ತಿದೆ. ಮೇಷ್ಟ್ರು ಹೇಳಿದ್ದರೆ ನಾನು ಆ ಕಾರು ತೆಗೆದುಕೊಳ್ಳುತ್ತಿದ್ದೆನೇ? ದಿನ ಬೆಳಗಾದರೆ ಸಾವು ಕಾಣುವವಳು ನಾನು, ಎಷ್ಟೋ ಜನರ ಕಣ್ಣು ಮುಚ್ಚಿದ ಕೈ ಇದು. ತೆಗೆದುಕೊಳ್ಳುತ್ತಿದ್ದೆ ಎಂದು ಹೇಳಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ತೆಗೆದುಕೊಳ್ಳುತ್ತಿರಲಿಲ್ಲ. ಅಷ್ಟೇ ಅಲ್ಲ, ಬಾಯಿ ತಡೆಯದೆ ನಾಲ್ಕು ಜನಕ್ಕೆ ಹೇಳಿರುತ್ತಿದ್ದೆ. ಮೇಷ್ಟ್ರಿಗೆ ಅದು ಗೊತ್ತಿತ್ತು. ಹಾಗಾದರೆ ಮಾಡಿದ್ದು ಸರಿಯೇ? ಹೆಂಡತಿಗೆ ಹೇಳದೆ ಅದರಲ್ಲಿ ಕೂರಿಸಿದ್ದು? ಅದು ನನಗೆ ಈಗಲೂ ಬಗೆಹರಿಯುವುದಿಲ್ಲ.

ಮೇಷ್ಟ್ರ ಮನೆಗೆ ಹೋಗಿ ಅವರ ಹೆಂಡತಿ, ಆ ಅಕ್ಕನ ಹತ್ತಿರ ತಪ್ಪೊಪ್ಪಿಕೊಳ್ಳಬೇಕು ಎಂದುಕೊಂಡು ಎರಡು ತಿಂಗಳು ಮುಂದೂಡಿದೆ. ಆಟೋದ ಆ ವಾಸನೆ ಬಡಿದ ಮೇಲೆ ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಹಣ್ಣು ಹಿಡಿದುಕೊಂಡು ಹೋದೆ. ಅಕ್ಕ ಗುರುತು ಹಿಡಿದು ಒಳಗೆ ಕರೆದರು. ಬಂಕಿನ ಜಗಳ ನಡೆದೇ ಇಲ್ಲವೇನೋ ಎಂಬಂತೆ ಕಾಫಿ ಕೊಟ್ಟರು. ಕಾರು ಅಂಗಳದಲ್ಲೇ ಇತ್ತು. ಅವರ ಅಣ್ಣನ ಮಗ ಬಂದು ಓಡಿಸುತ್ತಾನಂತೆ, ಕಣ್ಣಿನ ಆಸ್ಪತ್ರೆಗೆ ಅದರಲ್ಲೇ ಹೋಗುವುದಂತೆ.

"ಬಲು ಒಳ್ಳೇ ಕಾಲ್ಗುಣ ಕಣವ್ವ ಈ ಕಾರಿಂದು" ಎಂದರು. "ಇದು ಬಂದ್ಮೇಲೇ ಅವ್ರು ನನ್ನ ಊರೂರು ಸುತ್ತಿಸಿದ್ದು. ಅವ್ರು ಕೂರ‍್ತಿದ್ದ ಸೀಟ್ನ ಒರಸೋವಾಗ ಇಲ್ಲೇ ಅವ್ರೆ ಅನ್ನಿಸ್ತದೆ."

ನಾನು ಲೋಟ ಹಿಡಿದುಕೊಂಡು ಕೂತಿದ್ದೆ. ಕ್ಷಮಿಸಿ ಅನ್ನಬೇಕಾದರೆ ಯಾವುದಕ್ಕೆ ಎಂದು ಹೇಳಬೇಕು. ಯಾವುದಕ್ಕೆ ಎಂದು ಹೇಳಿದರೆ ಆ ಸೀಟು ಅಕ್ಕನಿಗೆ ಇನ್ನು ಮೊದಲಿನಂತಿರುವುದಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಬಿಟ್ಟು ಕಾಫಿ ಕುಡಿದೆ.

ಅಕ್ಕನೇ ಕೇಳಿದರು. "ಅದ್ಯಾಕೆ ಅವತ್ತು ನಿಂಗೆ ಬ್ಯಾಡ ಅಂದು ತಾವೇ ತಂದ್ರೋ, ಎಷ್ಟ್ ಕೇಳಿದ್ರೂ ಏಳ್ಲಿಲ್ಲ ಕಣವ್ವ. ನಿಂಗೆ ಅನ್ಯಾಯ ಮಾಡುದ್ರು ಅಂತ ನಂಗೂ ಒಸಿ ಬೇಜಾರಿತ್ತು. ನಿಂಗೇನಾರ ಗೊತ್ತಾ?"

ಮೇಷ್ಟ್ರ ಮೇಲೆ ಅವರ ಹೆಂಡತಿಗೇ ಇರುವ ಆ ಒಂದು ಬೇಸರವನ್ನು ನಾನು ಒಂದು ಮಾತಿನಲ್ಲಿ ತೆಗೆದುಹಾಕಬಹುದಿತ್ತು.

"ಇಲ್ಲ ಅಕ್ಕ" ಅಂದೆ. "ನಂಗೂ ಗೊತ್ತಿಲ್ಲ."

ಇಲ್ಲಿ ಯಾರ ಹೆಸರನ್ನೂ ಬರೆಯದಿರುವುದು ಅದಕ್ಕೇ. ಊರುಗಳನ್ನೂ ಕಾರಿನ ಬಣ್ಣವನ್ನೂ ಬದಲಿಸಿದ್ದೇನೆ. ಅಕ್ಕನ ಕಣ್ಣಿಗೆ ಪೇಪರ್ ಓದಲಾಗುವುದಿಲ್ಲ, ಆದರೆ ಯಾರಾದರೂ ಓದಿ ಹೇಳಿದರೂ ಇದು ತಮ್ಮ ಮನೆಯ ಮಾತೆಂದು ಅವರಿಗೆ ತಿಳಿಯಬಾರದು. ಬಂಕಿನಲ್ಲಿ ಅಷ್ಟು ಜನರ ಮುಂದೆ ನಿಮ್ಮನ್ನು ಅಂದೆ ಮೇಷ್ಟ್ರೇ. ಅದು ತಪ್ಪು ಅಂತ ಆ ಜನರ ಮುಂದೆ ಹೇಳುವ ದಾರಿ ಮಾತ್ರ ನನಗೆ ಉಳಿದಿಲ್ಲ.